ಹಿರಿಸೊಸೆಯ ಕೀಲಿ

ಜನವರಿ 9

ಅಕ್ಕಾ,

ಫೋನಿದ್ದೂ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಮೊನ್ನೆ ನಿನಗೊಬ್ಬಳಿಗೇ ಎಂದು ಕಳಿಸಿದ ಸಂದೇಶದ ಫೋಟೊ ತೆಗೆದು ನಿನ್ನ ‘ಮೈಕಕ್ಕನ ಮಾತು’ ಪುಟಕ್ಕೆ ಹಾಕಿದೆ. ಅದರ ಮೇಲೆ ‘ನನ್ನ ಸ್ವಂತ ತಮ್ಮನೂ ಈ ಕಾದಂಬರಿ ಓದಿಲ್ಲ, ಇಗೋ ಸಾಕ್ಷಿ’ ಎಂದು ಬೇರೆ ಬರೆದೆ. ಕೆಳಗೆ ಗುರುತು ಪರಿಚಯ ಇಲ್ಲದ ಜನ ಬಂದು ಹಲ್ಲು ಕಿರಿದು ಹೋದರು. ಹಲ್ಲಿನ ಸೆಟ್ಟು ಮಾಡಿ ಹೊಟ್ಟೆ ಹೊರೆಯುವವನು ನಾನು, ಹಲ್ಲು ಕಿರಿಯುವವರನ್ನು ದಿನವೂ ನೋಡುತ್ತೇನೆ. ಆದರೂ ಬೇಜಾರಾಯಿತು. ಇನ್ನು ಮೇಲೆ ಈ ವಿಷಯದಲ್ಲಿ ಹೇಳುವುದೆಲ್ಲ ಕಾಗದದಲ್ಲೇ. ಆ ಫೋಟೊ ತೆಗೆಯುವವರೆಗೆ ರಜೆಗೆ ಊರಿಗೂ ಬರುವುದಿಲ್ಲ. ನನಗೆ ಕೆಲಸ ಜಾಸ್ತಿ ಎಂದು ಅಪ್ಪನಿಗೆ ಹೇಳು.

ಈಗ ಜಗಳದ ವಿಷಯ. ‘ಹಿರಿಸೊಸೆ’ಯನ್ನು ಧಾರಾವಾಹಿ ಮಾಡಿದವರು ಕೊನೆಯ ಕಂತಿನಲ್ಲಿ ಕಾದಂಬರಿಯ ಕುತ್ತಿಗೆ ಹಿಸುಕಿದ್ದಾರೆ ಎಂಬುದರಲ್ಲಿ ನನಗೂ ನಿನಗೂ ಭಿನ್ನಾಭಿಪ್ರಾಯವಿಲ್ಲ. ಹೊಳೆ ನಡುವಿನ ದೊಡ್ಡ ಮನೆಯನ್ನು ಇಪ್ಪತ್ತು ವರ್ಷ ಹೆಗಲ ಮೇಲೆ ಹೊತ್ತ ಹೆಂಗಸು, ಒಂದು ದಿನ ಬೀಗ ಹಾಕಿ ಕೀಲಿ ಹಿಡಿದು ದೋಣಿ ಹತ್ತುತ್ತಾಳೆ. ದೋಣಿ ಬಿಡುವ ಹೊತ್ತಿಗೆ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಗಿ ಇಳಿದು ಬರುತ್ತಾಳಂತೆ. ಇದನ್ನು ನೋಡಿ ನಾನು ರಿಮೋಟನ್ನು ಮಂಚದ ಮೇಲೆ ಎಸೆದೆ.

ಆದರೆ ನೀನು ಬರೆದದ್ದೂ ತಪ್ಪು. ಅವಳು ಹೋಗುತ್ತಾಳೆ, ಸರಿ. ಎಷ್ಟೋ ವರ್ಷದ ಮೇಲೆ ಅದೇ ದೋಣಿಯಲ್ಲಿ ವಾಪಸ್ ಬಂದು, ಸೊಂಟದಲ್ಲಿದ್ದ ಕೀಲಿಯಿಂದ ಅದೇ ಬಾಗಿಲು ತೆರೆಯುತ್ತಾಳೆ. ಇಡೀ ಕಾದಂಬರಿಯ ಜೀವವೇ ಅದು. ಅದನ್ನು ಬಿಟ್ಟು ‘ಕೀಲಿಯನ್ನು ಹೊಳೆಗೆ ಎಸೆದಳು’ ಎಂದು ನೀನು ಎಲ್ಲಿಂದ ತಂದೆ?

ಇಂತಿ, ಸಾಕ್ಷಿಯಾದ
ತಮ್ಮ


ಜನವರಿ 17

ತಮ್ಮಾ,

ನಿನ್ನ ಅಕ್ಷರ ಹಾಗೇ ಇದೆ. ಅಂಚೆಯವರು ಲಕೋಟೆ ಕೊಡುತ್ತಾ, “ಮೇಡಂ, ವಿಳಾಸ ಓದೋಕೆ ಮೂರು ಜನ ಸೇರಿದ್ವಿ” ಅಂದರು.

ಫೋಟೊ ಹಾಕಿದ್ದು ತಮಾಷೆಗೆ. ನಿನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮರೆತೇ ಹೋಗಿತ್ತು. ತೆಗೆಯಲಾರೆ, ಯಾಕೆಂದರೆ ಅದರ ಕೆಳಗೆ ಈಗ ಒಳ್ಳೆಯ ಚರ್ಚೆ ನಡೆಯುತ್ತಿದೆ. ಪುಟದ ಓದುಗರ ಗುಂಪಿನಲ್ಲಿ ಮೂರು ಪಕ್ಷ ಆಗಿವೆ. ನನ್ನದು ಹೊಳೆ ಪಕ್ಷ, ನಿನ್ನದು ಬಾಗಿಲ ಪಕ್ಷ, ಧಾರಾವಾಹಿಯವರದು ಹಾಲಿನ ಪಕ್ಷ. ನಿನ್ನ ಪಕ್ಷದಲ್ಲಿ ನೀನು ಮತ್ತು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದೀರಿ, ಬೇಸರ ಮಾಡಿಕೊಳ್ಳಬೇಡ.

ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಇಪ್ಪತ್ತೊಂಬತ್ತು ವರ್ಷ ಆಯಿತು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಿದ ಮೇಲೆ ಯಾರೂ ಮರುಪ್ರಶ್ನೆ ಕೇಳಿಲ್ಲ. ಹಿರಿಸೊಸೆ ಎಲ್ಲಿಗೆ ಹೋದಳು ಎಂಬುದನ್ನು ನೀನು ನನಗೆ ಹೇಳಿಕೊಡಬೇಕೆ? ಅವಳು ದೋಣಿಯ ಅಂಚಿಗೆ ಬಂದು ಕೀಲಿಯನ್ನು ನೀರಿಗೆ ಬಿಡುತ್ತಾಳೆ. ಅಂಬಿಗ ಕೇಳುತ್ತಾನೆ, “ಅಮ್ಮಾ, ಏನೋ ಬಿತ್ತಲ್ಲ?” ಅವಳು ಹೇಳುತ್ತಾಳೆ, “ಭಾರ ಇತ್ತು, ಬಿತ್ತು.” ಈ ಮಾತನ್ನು ನನ್ನ ಪುಟದ ನೆತ್ತಿಯ ಮೇಲೆ ಹಾಕಿಕೊಂಡಿದ್ದೇನೆ. ಇಪ್ಪತ್ತು ಸಾವಿರ ಜನ ದಿನಾ ಓದುತ್ತಾರೆ.

ಇನ್ನೊಂದು ಸುದ್ದಿ. ಧಾರಾವಾಹಿಗೆ ಚಿತ್ರಕಥೆ ಬರೆದ ಹುಡುಗಿ ‘ನಾನು ಕಾದಂಬರಿಯಲ್ಲಿ ಇದ್ದದ್ದನ್ನೇ ಬರೆದಿದ್ದೇನೆ’ ಎಂದು ಹೇಳಿಕೆ ಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. ಫೆಬ್ರವರಿಯ ಕೊನೆಯ ಭಾನುವಾರ ಅವಳ ಜೊತೆ ಎಲ್ಲರ ಮುಂದೆ ನೇರ ಚರ್ಚೆ ಒಪ್ಪಿಕೊಂಡಿದ್ದೇನೆ. ಪುಸ್ತಕದಲ್ಲಿ ಹಾಲು ಇದ್ದರೆ ನನ್ನ ಪುಟ ಅವತ್ತೇ ಮುಚ್ಚುತ್ತೇನೆ, ಇನ್ನು ಜನ್ಮದಲ್ಲಿ ವಿಮರ್ಶೆ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಪುಸ್ತಕ ಎಲ್ಲೂ ಸಿಗುತ್ತಿಲ್ಲ, ಮರುಮುದ್ರಣವೇ ಆಗಿಲ್ಲ. ಸಿಗಬೇಕಾದ ಅಗತ್ಯವೂ ಇಲ್ಲ, ನನಗೆ ಬಾಯಿಪಾಠವಿದೆ.

ಅಪ್ಪ ಚೆನ್ನಾಗಿದ್ದಾರೆ. ಈಚೆಗೆ ಪುಸ್ತಕ ಹಿಡಿಯುವುದಿಲ್ಲ, ಸೋಮಾರಿತನ.

ಅಕ್ಕ

ಹೋದ ಸಲ ಬಂದಾಗ ಮನೆಯ ಇನ್ನೊಂದು ಕೀಲಿ ಜೇಬಿಗೆ ಹಾಕಿಕೊಂಡು ಹೋಗಿದ್ದೀಯ. ಬರುವುದೇ ಇಲ್ಲ ಎನ್ನುವವನಿಗೆ ಕೀಲಿ ಯಾಕೆ? ಅಂಚೆಯಲ್ಲಿ ಕಳಿಸು.


ಜನವರಿ 28

ಅಕ್ಕಾ,

ಬಾಯಿಪಾಠ ಎಂದು ಬರೆದಿದ್ದೀಯಲ್ಲ, ಅಲ್ಲೇ ಸಿಕ್ಕಿಬಿದ್ದೆ. ಓದಿದವರು ಹಾಗೆ ಹೇಳುವುದಿಲ್ಲ, ಕೇಳಿದವರು ಹೇಳುತ್ತಾರೆ. ನಿನ್ನ ಪುಟದಲ್ಲಿ ‘ಮೂರು ಸಲ ಓದಿದ್ದೇನೆ’ ಎಂದಿದ್ದೀಯ. ನಿಜ ಹೇಳು, ಆ ಪುಸ್ತಕವನ್ನು ನೀನು ಕೈಯಲ್ಲಿ ಹಿಡಿದಿದ್ದಾದರೂ ಇದೆಯೆ?

ನಾನು ಹಿಡಿದಿಲ್ಲ. ಎದೆ ಮುಟ್ಟಿ ಹೇಳುತ್ತೇನೆ. ಗುಂಪಿನಲ್ಲಿ ‘ಓದಿದ್ದೇನೆ’ ಎಂದು ನಾನೂ ಬುರುಡೆ ಬಿಟ್ಟಿದ್ದೇನೆ. ಆದರೆ ಅಪ್ಪ ಓದಿದ್ದನ್ನು ಒಂದಕ್ಷರ ಬಿಡದೆ ಕೇಳಿದ್ದೇನೆ. ಅಮ್ಮನಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಶಾಲೆ ಬಿಟ್ಟ ಮೇಲೆ ನಾನು ಅಪ್ಪ ನಡೆಸುತ್ತಿದ್ದ ಕಚೇರಿ ಲಿಫ್ಟಿನಲ್ಲೇ ಕೂತಿರುತ್ತಿದ್ದೆ. ಅಪ್ಪನ ಸ್ಟೂಲಿನ ಕೆಳಗೆ ಖಾಕಿ ಚೀಲ, ಚೀಲದಲ್ಲಿ ಪುಸ್ತಕ. ಜನ ಹತ್ತಿದರೆ ಪುಸ್ತಕ ಒಳಗೆ, ಇಳಿದರೆ ಹೊರಗೆ. ಅತ್ತೆ ಸೊಸೆಯ ಕೆನ್ನೆಗೆ ಹೊಡೆಯಲು ಕೈ ಎತ್ತಿದ್ದು ಮೂರನೆಯ ಮಹಡಿಯಲ್ಲಿ, ಹೊಡೆದದ್ದು ಎಂಟರಲ್ಲಿ. ನಡುವೆ ಲೆಕ್ಕಪತ್ರ ವಿಭಾಗದವರು ನಾಲ್ಕು ಜನ ಹತ್ತಿಬಿಟ್ಟಿದ್ದರು. ನಾನು ಅವರನ್ನು ಕೆಕ್ಕರಿಸಿ ನೋಡುತ್ತಾ ಕೂತಿದ್ದೆ.

ಅವಳು ವಾಪಸ್ ಬಂದ ದಿನ ಅಪ್ಪ ಲಿಫ್ಟನ್ನು ಎರಡು ಮಹಡಿಯ ನಡುವೆ ನಿಲ್ಲಿಸಿ ಓದಿದರು. ಕೆಳಗೆ ಜನ ಬಾಗಿಲು ಬಡಿಯುತ್ತಿದ್ದರು. ಅಪ್ಪ, “ರಿಪೇರಿ, ರಿಪೇರಿ” ಎಂದು ಕೂಗಿ ಹೇಳಿ, ಕೀಲಿ ತಿರುಗಿದ ಸದ್ದನ್ನು ನಾಲಿಗೆಯಲ್ಲಿ ಮಾಡಿ ತೋರಿಸಿದರು. ನೀನು ಆ ವರ್ಷ ಇರಲಿಲ್ಲ. ಕೆಲಸದ ತರಬೇತಿಗೆ ಹೋಗಿದ್ದೆ. ಇದನ್ನೆಲ್ಲ ಸುಳ್ಳು ಅನ್ನುತ್ತೀಯ?

ಅಪ್ಪನನ್ನೇ ಕೇಳು. ಅವರು ಹೇಳಿದ್ದಕ್ಕೆ ಇಬ್ಬರೂ ತಲೆಬಾಗೋಣ.

ತಮ್ಮ

ಕೀಲಿ ಹುಡುಕುತ್ತಿದ್ದೇನೆ. ಎಲ್ಲಿಟ್ಟೆನೋ.


ಫೆಬ್ರವರಿ 6

ತಮ್ಮಾ,

ಕೇಳಿದೆ. ಊಟಕ್ಕೆ ಕೂತಾಗ ಕೇಳಿದೆ.

“ಅಪ್ಪಾ, ಹಿರಿಸೊಸೆ ಕೊನೇಲಿ ಕೀಲಿ ಹೊಳೆಗೆ ಎಸೀತಾಳೆ ತಾನೆ?”

“ಎಸೀತಾಳೆ.”

“ತಮ್ಮ ಅವಳು ವಾಪಸ್ ಬರ್ತಾಳೆ ಅಂತಾನೆ.”

“ಬರ್ತಾಳೆ.”

“ಎರಡೂ ಹೇಗಪ್ಪಾ ಆಗುತ್ತೆ?”

“ಅನ್ನ ಸ್ವಲ್ಪ ಮೆತ್ತಗಾಗಿದೆ ಕಣಮ್ಮ ಇವತ್ತು,” ಎಂದು ಎದ್ದು ಹೋಗಿ ಕೈ ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಮತ್ತೆ ಹಿಡಿದೆ. ಅವರಿಗೆ ಒಂದು ಕಿವಿ ಮಂದ, ಆದರೆ ಚೆನ್ನಾಗಿ ಕೇಳಿಸುವ ಕಿವಿಯೇ ನನ್ನ ಕಡೆಗಿದ್ದರೂ, ಏನೂ ಕೇಳಿಸದವರ ಹಾಗೆ ಕಿಟಕಿ ಹೊರಗೆ ನೋಡುತ್ತಾ ಕೂತರು. ಮೂವತ್ತೈದು ವರ್ಷ ಲಿಫ್ಟು ನಡೆಸಿದವರು, ಎಲ್ಲಿ ಬೇಕೋ ಅಲ್ಲಿ ಇಳಿದುಕೊಳ್ಳುವುದರಲ್ಲಿ ಎತ್ತಿದ ಕೈ.

ನಾನೂ ಆ ಲಿಫ್ಟಿನಲ್ಲೇ ಕೇಳಿದ್ದು. ಕೇಳುವುದೂ ಓದಿದ ಹಾಗೇ, ಅದರಲ್ಲಿ ಸುಳ್ಳೇನಿದೆ? ತರಬೇತಿಗೆ ಹೊರಡುವ ಮುಂಚಿನ ವಾರಗಳಲ್ಲಿ ಓದಿದರು. ಕೀಲಿ ನೀರಿಗೆ ಬಿದ್ದಾಗ ನಾವು ಒಂಬತ್ತನೆಯ ಮಹಡಿಯಲ್ಲಿದ್ದೆವು. ಅಪ್ಪ ಪುಸ್ತಕ ಮುಚ್ಚಿ, ಅಲ್ಲೇ ತಮಾಷೆಗೆ “ನೆಲಮಹಡಿ, ಇಳಿಯೋರು ಇಳೀಬಹುದು” ಅಂದರು. ನಾನು ಅಳುತ್ತಲೇ ನಕ್ಕೆ. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಕೊನೆಯನ್ನು ಇನ್ನೊಂದು ಕಂಡಿಲ್ಲ. ಅದಕ್ಕೇ ನಾನು ಎಲ್ಲ ಕಾದಂಬರಿಯನ್ನೂ ಅದರ ಪಕ್ಕ ಇಟ್ಟು ಅಳೆಯುತ್ತೇನೆ. ನನ್ನ ವಿಮರ್ಶೆ ಎಂದರೆ ಅಷ್ಟೇ.

ಒಂದು ಮಾತು ಕೇಳಲೇ? ‘ವಾಪಸ್ ಬರಲೇಬೇಕಿತ್ತು’ ಎಂದು ನೀನು ಗುಂಪಿನಲ್ಲಿ ಮತ್ತೆ ಮತ್ತೆ ಬರೆಯುವಾಗ ಅದು ಹಿರಿಸೊಸೆಗೆ ಹೇಳಿದ್ದೋ, ನನಗೆ ಹೇಳಿದ್ದೋ? ನಾನು ಹೋದಾಗ ನಿನಗೆ ಎಂಟು ವರ್ಷ. ತರಬೇತಿ, ಆಮೇಲೆ ದೂರದ ಊರಿನ ಕೆಲಸ, ಹನ್ನೊಂದು ವರ್ಷ ಸರಿಯಾಗಿ ಮನೆಗೆ ಬರಲಿಲ್ಲ. ನೀನು ಅದನ್ನು ಚುಚ್ಚಿ ತೋರಿಸುತ್ತಿದ್ದೀಯ ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ನೇರವಾಗಿ ಹೇಳು. ಕಾದಂಬರಿಯ ಸೆರಗು ಹಿಡಿದು ಹೇಳಬೇಡ.

ಅಕ್ಕ


ಫೆಬ್ರವರಿ 13
(ಪೊಟ್ಟಣದ ಒಳಗೆ)

ಅಕ್ಕಾ,

ಮೊದಲು ಕೂತುಕೋ.

ನಮ್ಮ ಲ್ಯಾಬಿಗೆ ಒಬ್ಬ ಮುದುಕರ ಸೆಟ್ಟು ಬಂದಿತ್ತು. ಕೆಳಗಿನ ಪಂಕ್ತಿ ಒಸಡಿಗೆ ಕೂರುತ್ತಿಲ್ಲ ಎಂದು ಅವರೇ ಬಂದು ಎದುರು ಕೂತರು. ಉಜ್ಜುತ್ತಾ ಮಾತಾಡುತ್ತಾ ಕಾದಂಬರಿಯ ವಿಷಯ ಬಂತು. ಅವರ ಮನೆಯಲ್ಲಿ ‘ಹಿರಿಸೊಸೆ’ ಮೊದಲ ಮುದ್ರಣ ಇದೆ ಅಂದರು. ಮರುದಿನ ತಂದುಕೊಟ್ಟರು. ನಾನು ಊಟದ ಬಿಡುವಿನಲ್ಲಿ ಕೊನೆಯ ಅಧ್ಯಾಯ ತೆಗೆದೆ.

ಹಾಲಿದೆ, ಅಕ್ಕಾ.

ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಗುತ್ತದೆ, ದೋಣಿ ಇಳಿಯುತ್ತಾಳೆ, ಬೀಗ ತೆಗೆಯುತ್ತಾಳೆ, ಹಾಲು ಉಕ್ಕಿ ಒಲೆ ಆರಿರುತ್ತದೆ. ಆಮೇಲೆ ಮಾವನವರು ಸಂಸಾರ ಎಂದರೇನು ಎಂದು ನಾಲ್ಕು ಪುಟ ಉಪದೇಶ ಮಾಡುತ್ತಾರೆ. ಮುಗಿಯಿತು. ನಿನ್ನ ಹೊಳೆಯೂ ಇಲ್ಲ, ನನ್ನ ಬಾಗಿಲೂ ಇಲ್ಲ. ‘ಭಾರ ಇತ್ತು, ಬಿತ್ತು’ ಎಂಬ ಮಾತನ್ನು ಇಡೀ ಪುಸ್ತಕದಲ್ಲಿ ಹುಡುಕಿದೆ, ಎಲ್ಲೂ ಇಲ್ಲ. ಆ ಹುಡುಗಿ ಬರೆದದ್ದೇ ಸರಿ.

ಗೆದ್ದೆ ಎಂದು ಪುಸ್ತಕ ಕಳಿಸುತ್ತಿಲ್ಲ. ನಾನೂ ನಿನ್ನಷ್ಟೇ ಸೋತಿದ್ದೇನೆ. ಭಾನುವಾರ ನೀನು ಎಲ್ಲರ ಮುಂದೆ ಕೂತು ಹೊಳೆಯ ಕಥೆ ಹೇಳಿದರೆ ಅವಳು ಇದೇ ಪುಟವನ್ನು ಎತ್ತಿ ತೋರಿಸುತ್ತಾಳೆ. ನಿನ್ನನ್ನು ಯಾರಾದರೂ ನೋಡಿ ನಗುವುದು ನನಗೆ ಬೇಡ. ಜ್ವರ ಬಂದಿದೆ ಎಂದು ಹೇಳು, ಧ್ವನಿ ಕಟ್ಟಿದೆ ಎಂದು ಹೇಳು, ಏನಾದರೂ ಹೇಳು.

ನೀನು ಕೇಳಿದ್ದಕ್ಕೆ ಉತ್ತರ: ಚುಚ್ಚಲು ಬರೆದದ್ದಲ್ಲ. ಅಪ್ಪ ಹಾಗೆ ಓದಿದ್ದರು, ನಾನು ನಂಬಿದ್ದೆ. ಎಂಟು ವರ್ಷದವನಿಗೆ ಅದು ಬೇಕಾಗಿತ್ತು.

ತಮ್ಮ


ಫೆಬ್ರವರಿ 19

ತಮ್ಮಾ,

ನಿನ್ನ ಪೊಟ್ಟಣ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ಮೊದಲು ಓದು, ಆಮೇಲೆ ಮಾತಾಡು’ ಎಂದು ಬರೆದಿದ್ದೀಯ. ಎರಡು ವಾರದಿಂದ ನಾನು ಕೇಳಿದ್ದಕ್ಕೆ ಉತ್ತರವಿಲ್ಲ, ಈಗ ಇಷ್ಟು ದಪ್ಪದ ಉಪದೇಶ. ಎಲ್ಲೋ ಯಾವನೋ ವಿಮರ್ಶಕ ಬರೆದದ್ದನ್ನು ಕಟ್ಟಿ ಕಳಿಸಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೆ? ಒಡೆದಿಲ್ಲ. ಟೀವಿಯ ಒಂದು ಕಾಲು ಗಿಡ್ಡ, ಅದರ ಕೆಳಗೆ ಇಟ್ಟಿದ್ದೇನೆ. ಈಗ ಅಲ್ಲಾಡುತ್ತಿಲ್ಲ.

ಫೋನ್ ಮಾಡಬೇಡ. ಎತ್ತುವುದಿಲ್ಲ. ಭಾನುವಾರ ಮುಗಿಯಲಿ.

ಅಕ್ಕ


ಫೆಬ್ರವರಿ 22
(ತುರ್ತು ಅಂಚೆ)

ಅಕ್ಕಾ,

ಟೀವಿ ಬಿದ್ದುಹೋದರೂ ಚಿಂತೆಯಿಲ್ಲ. ಹೊಸದು ನಾನು ಕೊಡಿಸುತ್ತೇನೆ. ಭಾನುವಾರದ ಮೊದಲು ಪೊಟ್ಟಣ ಒಡೆ. ಒಳಗಿರುವುದು ಉಪದೇಶವಲ್ಲ, ಪುಸ್ತಕ. ಉತ್ತರವೂ ಅದರಲ್ಲೇ ಇದೆ. ನಿನ್ನ ಮೈಕಿನಲ್ಲಿ ಹೇಳುವ ಹಾಗೆ ಹೇಳುತ್ತಿದ್ದೇನೆ, ಪ್ರಯಾಣಿಕರು ದಯವಿಟ್ಟು ಗಮನಿಸಬೇಕು.

ತಮ್ಮ


ಮಾರ್ಚ್ 3

ತಮ್ಮಾ,

ನಿನ್ನ ತುರ್ತು ಅಂಚೆ ಶನಿವಾರ ಮಧ್ಯಾಹ್ನ ಬಂತು. ಡ್ಯೂಟಿ ಮುಗಿಸಿ ಬಂದು ಟೀವಿ ಎತ್ತಿ ಪೊಟ್ಟಣ ಎಳೆದುಕೊಂಡೆ. ನಿನ್ನ ಕಾಗದ ಓದಿದೆ. ಕೊನೆಯ ಅಧ್ಯಾಯ ಓದಿದೆ. ಮಾವನವರ ಉಪದೇಶದ ಮೂರನೆಯ ಪುಟದಲ್ಲಿ ನನಗೆ ಅಳು ಬಂತು. ದುಃಖಕ್ಕಲ್ಲ, ಅವಮಾನಕ್ಕೆ. ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು, ಮರುದಿನ ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ.

ಅಪ್ಪ ಪಕ್ಕದ ಕುರ್ಚಿಯಲ್ಲಿದ್ದರು. ಒಂದು ವಿಷಯ ನಿನಗೆ ಹೇಳಿರಲಿಲ್ಲ. ಅಪ್ಪ ಪುಸ್ತಕ ಹಿಡಿಯದಿರುವುದು ಸೋಮಾರಿತನದಿಂದಲ್ಲ. ಕಣ್ಣಿನ ಆಪರೇಷನ್ ಆದರೂ ಸಣ್ಣ ಅಕ್ಷರ ಕಾಣಿಸುತ್ತಿಲ್ಲ. ನೀನು ಗಾಬರಿಯಾಗಿ ಓಡಿ ಬರುತ್ತೀಯ, ಹೇಳಬೇಡ ಎಂದು ನನ್ನ ಬಾಯಿ ಕಟ್ಟಿದ್ದರು. ಹಾಗಾಗಿ ಕೊನೆಯ ಅಧ್ಯಾಯವನ್ನು ನಾನೇ ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿ, ಬೆರಳಿಂದ ಕುರ್ಚಿಯ ಕೈ ತಟ್ಟುತ್ತಾ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು,

“ಹಾಲಾ?” ಅಂದರು.

“ಹಾಲು ಅಪ್ಪಾ.”

“ಇಷ್ಟಕ್ಕಾ ನಾನು ಇಷ್ಟು ವರ್ಷ ಕಾದಿದ್ದು?” ಎಂದು ನಗಲು ಶುರು ಮಾಡಿದರು. ಕೆಮ್ಮು ಬಂದು, ನೀರು ಕುಡಿದು, ಮತ್ತೆ ನಕ್ಕರು.

ಆಮೇಲೆ ಎಲ್ಲ ಹೊರಗೆ ಬಂತು. ಆ ಪುಸ್ತಕವನ್ನು ರದ್ದಿ ಅಂಗಡಿಯಿಂದ ತಂದಿದ್ದರಂತೆ. ಕೊನೆಯ ಅಧ್ಯಾಯವೇ ಇರಲಿಲ್ಲವಂತೆ. ಅವಳು ದೋಣಿಯಲ್ಲಿ ಕಾಲಿಡುವಲ್ಲಿಗೆ ಪುಟಗಳು ಹರಿದುಹೋಗಿದ್ದವು. ಕೊನೆ ಏನು ಎಂದು ಅವರಿಗೇ ಗೊತ್ತಿರಲಿಲ್ಲ. ಅದಕ್ಕೇ ಪುಸ್ತಕವನ್ನು ನಮ್ಮ ಕೈಗೆ ಕೊಡದೆ ಸ್ಟೂಲಿನ ಕೆಳಗೆ ಬಚ್ಚಿಟ್ಟದ್ದು.

“ಮತ್ತೆ ಕೀಲಿ ಹೊಳೆಗೆ ಬಿದ್ದಿದ್ದು?” ಎಂದು ಕೇಳಿದೆ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ನೀನು ಟ್ರೈನಿಂಗಿಗೆ ಹೋಗ್ಬೇಕಿತ್ತು ಕಣಮ್ಮ. ಹೋಗೋಕೆ ಆಸೆ, ಮನೆ ಬಿಡೋಕೆ ಭಯ. ಅಮ್ಮನಿಗೆ ಯಾರು, ತಮ್ಮನಿಗೆ ಯಾರು ಅಂತ ದಿನಾ ಗೊಣಗ್ತಿದ್ದೆ. ಕೀಲಿ ಕೈಲಿ ಇಟ್ಕೊಂಡು ಹೋದ್ರೆ ನೀನು ತಿರುಗಿ ತಿರುಗಿ ನೋಡ್ತಾ ಇರ್ತಿದ್ದೆ. ಅದಕ್ಕೆ ಅವಳ ಕೈಲಿ ಹೊಳೆಗೆ ಹಾಕಿಸ್ದೆ.”

“ಅವನಿಗೆ?”

“ನೀನು ಹೋದ್ಮೇಲೆ ಅವನು ಲಿಫ್ಟಲ್ಲಿ ಕೂತ್ಕೊಂಡು, ಪ್ರತಿ ಮಹಡೀಲೂ ಬಾಗ್ಲು ತೆಗೆದಾಗ ನೋಡ್ತಿದ್ದ. ಅಕ್ಕ ಹತ್ತುತ್ತಾಳೇನೋ ಅಂತ. ಒಂದು ದಿನ ಅಲ್ಲ, ಎಷ್ಟೋ ದಿನ. ಅವನಿಗೆ ನಾನು ಅವಳನ್ನ ವಾಪಸ್ ಕರ್ಕೊಂಡು ಬರದೆ ಇನ್ನೇನು ಮಾಡ್ಲಿ?”

ತಮ್ಮಾ, ನನಗೆ ಇದು ಗೊತ್ತಿರಲಿಲ್ಲ. ನೀನು ಬಾಗಿಲ ಕಡೆ ನೋಡುತ್ತಿದ್ದೆ ಎಂಬುದು ಯಾರೂ ನನಗೆ ಹೇಳಿರಲಿಲ್ಲ. ನೀನು ಚುಚ್ಚುತ್ತಿದ್ದೀಯ ಎಂದು ಬರೆದೆನಲ್ಲ, ಆ ಮಾತನ್ನು ನುಂಗಿಕೊಂಡಿದ್ದೇನೆ. ಗಂಟಲಲ್ಲಿ ಇನ್ನೂ ಇದೆ.

ಭಾನುವಾರ ಜ್ವರವೆಂದು ಹೇಳಲಿಲ್ಲ. ಧ್ವನಿ ಕಟ್ಟಿದೆ ಎಂದರೆ ಯಾರೂ ನಂಬುವುದಿಲ್ಲ, ಬೆಳಿಗ್ಗೆ ತಾನೇ ನಿಲ್ದಾಣದಲ್ಲಿ ಅರಚಿದ್ದೆ. ಚರ್ಚೆಗೆ ಕೂತು ಮೊದಲೇ ಪುಸ್ತಕ ಎತ್ತಿ ತೋರಿಸಿದೆ. “ಇದರಲ್ಲಿ ಹಾಲಿದೆ. ಇವರು ಬರೆದದ್ದು ಸರಿ. ನಾನು ಈ ಪುಸ್ತಕವನ್ನು ನಿನ್ನೆಯವರೆಗೆ ಓದೇ ಇರಲಿಲ್ಲ. ಪುಟ ಮುಚ್ಚುತ್ತೇನೆ,” ಅಂದೆ. ಆ ಹುಡುಗಿ ಮೆಲ್ಲಗೆ, “ಹಾಗಾದ್ರೆ ಆ ಹೊಳೆಯ ಕೊನೆ ಬರೆದೋರು ಯಾರು ಮೇಡಂ? ಕಂತು ಬರೆಯೋವಾಗ ನನಗೂ ಅದು ಬೇಕಿತ್ತು,” ಅಂದಳು. ನಾನು ಹೇಳಿದೆ. ಲಿಫ್ಟು, ಸ್ಟೂಲು, ಖಾಕಿ ಚೀಲ, ನೀನು, ನಾನು, ಎಲ್ಲ ಹೇಳಿದೆ.

ಗುಂಪಿನವರು ಒಬ್ಬೊಬ್ಬರೇ ಬರೆಯತೊಡಗಿದರು. ನಾವೂ ಓದಿಲ್ಲ, ನಾವೂ ಓದಿಲ್ಲ. ‘ಮೂರು ಸಲ ಓದಿದ್ದೇನೆ’ ಎಂದಿದ್ದವರೆಲ್ಲ ಸಾಲಾಗಿ ನಿಂತು ಒಪ್ಪಿಕೊಂಡರು. ಇಷ್ಟು ದಿನ ಕಾಲು ಕೆರೆದು ಜಗಳ ಆಡಿದ ಜನರಲ್ಲಿ ಪುಸ್ತಕ ಓದಿದವರು ಆ ಹುಡುಗಿ ಮತ್ತು ನಿನ್ನ ಡ್ರಿಲ್ ಮೇಷ್ಟ್ರು ಇಬ್ಬರೇ. ಮೇಷ್ಟ್ರು ಎಲ್ಲ ಗೊತ್ತಿದ್ದೂ ನಿನ್ನ ಪಕ್ಷ ಯಾಕೆ ಸೇರಿದರು ಎಂದು ಕೇಳಿದರೆ, “ಹಾಲಿಗಿಂತ ಅದೇ ಚೆನ್ನಾಗಿತ್ತು” ಅಂದರಂತೆ.

ಪುಟ ಮುಚ್ಚಲು ಬಿಡಲಿಲ್ಲ. ಮಾತು ಕೊಟ್ಟಿದ್ದೇನೆ ಎಂದು ನಾನು ಹಟ ಹಿಡಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಪುಟ ಇರಲಿ, ಆದರೆ ಇನ್ನು ಮೇಲೆ ಮೊದಲು ಓದಬೇಕು, ಆಮೇಲೆ ಮಾತಾಡಬೇಕು. ನಿನ್ನ ಪೊಟ್ಟಣದ ಮೇಲಿನ ಮಾತೇ ಈಗ ಪುಟದ ನೆತ್ತಿಯ ಮೇಲಿದೆ. ನಿನ್ನ ಸಂದೇಶದ ಫೋಟೊ ತೆಗೆದುಹಾಕಿದ್ದೇನೆ.

ಅಪ್ಪನನ್ನು ಮುಂದಿನ ಭಾನುವಾರ ಕೂರಿಸಬೇಕಂತೆ. ಬೇರೆ ಯಾವ ಪುಸ್ತಕದ ಕೊನೆಯನ್ನೆಲ್ಲ ಹೀಗೆ ತಿದ್ದಿದ್ದಾರೆ ಎಂದು ಕೇಳಬೇಕಂತೆ. ನನಗೂ ದಿಗಿಲಾಗಿದೆ. ನಾನು ಹೊಗಳಿ ಬರೆದ ಅರ್ಧ ಕಾದಂಬರಿಗಳು ಆ ಲಿಫ್ಟಿನಲ್ಲೇ ಕೇಳಿದ್ದು. ಕೇಳಿದರೆ ಅಪ್ಪ ಮತ್ತೆ ಅನ್ನ ಮೆತ್ತಗಾಗಿದೆ ಅನ್ನುತ್ತಾರೆ.

“ಆ ಲೇಖಕರು ಅವರ ಪುಸ್ತಕಕ್ಕೆ ಹಾಗೆ ಮುಗಿಸಿದ್ದಾರೆ, ತಪ್ಪೇನಿಲ್ಲ. ನನ್ನ ಮಕ್ಕಳಿಗೆ ಅದು ಆಗ್ತಿರ್ಲಿಲ್ಲ ಅಷ್ಟೇ,” ಎಂದು ನಿನಗೆ ಬರೆಯಲು ಹೇಳಿದರು.

ನೀನು ಬಾ. ಯಾವಾಗ ಎಂದು ಬರೆದರೆ ನಿಲ್ದಾಣದಲ್ಲಿ ನಿನ್ನ ಬಸ್ಸನ್ನು ನಾನೇ ಕೂಗುತ್ತೇನೆ. ಬರುವ ಹೊತ್ತಿಗೆ ನಾನು ಡ್ಯೂಟಿಯಲ್ಲಿದ್ದರೆ ಅಪ್ಪ ಬಾಗಿಲು ತೆಗೆಯಲು ಎದ್ದು ಬರುವುದು ನಿಧಾನವಾಗುತ್ತದೆ. ಸ್ವಲ್ಪ ಕಾಯಬೇಕು.

ಅಕ್ಕ


ಮಾರ್ಚ್ 10

ಅಕ್ಕಾ,

ಶನಿವಾರ ಬೆಳಗಿನ ಬಸ್ಸು. ಗಟ್ಟಿಯಾಗಿ ಕೂಗು.

ಪುಸ್ತಕ ಜೋಪಾನ, ಮುದುಕರಿಗೆ ವಾಪಸ್ ಕೊಡಬೇಕು. ಅವರ ಸೆಟ್ಟು ಈಗ ಸರಿಯಾಗಿ ಕೂತಿದೆ. ಅಪ್ಪನಿಗೆ ಓದಿ ಹೇಳಲು ನಾನು ನಾಲ್ಕು ಕಾದಂಬರಿ ತರುತ್ತಿದ್ದೇನೆ. ಕೊನೆ ಅವರಿಗೆ ಹಿಡಿಸದಿದ್ದರೆ ನಾನೇ ಏನಾದರೂ ಮಾಡುತ್ತೇನೆ.

ಬಾಗಿಲು ತೆಗೆಯಲು ಅಪ್ಪ ಏಳುವುದು ಬೇಡ. ನನ್ನ ಹತ್ತಿರ ಕೀಲಿ ಇದೆ. ಹುಡುಕುತ್ತಿದ್ದೇನೆ ಎಂದು ನಿನಗೆ ಬರೆದಾಗಲೂ ಜೇಬಿನಲ್ಲೇ ಇತ್ತು.

ತಮ್ಮ